ನಿನ್ನೆ ಎಂದರೆ ಯಾವತ್ತು

ತೆರೆದಿದೆ, ಹಸಿರು ಅಕ್ಷರದಲ್ಲಿ ತೆರೆದಿದೆ ಎಂದೇ ಇದೆ, ಕಿಟಕಿಯ ಬಿಸಿಲು ಬಿದ್ದು ಫೋನಿನ ಗಾಜಿನಲ್ಲಿ ತನ್ನ ಮೂಗುತಿಯೇ ಹೊಳೆಯುತ್ತಿದೆ, ಇಂದ್ರವ್ವ ಸೆರಗು ಅಡ್ಡ ಹಿಡಿದು ಇನ್ನೊಮ್ಮೆ ಓದಿದಳು, ಬೇಗಂಬಿ ಬ್ಯಾಂಗಲ್ ಸ್ಟೋರ್ಸ್, ಮೂಡಲಗಿ, ತೆರೆದಿದೆ — ಬೆರಳಿನಿಂದ ಕೆಳಗೆ ಸರಿಸಿದರೆ ಕಪ್ಪು ಅಂಚಿನ ಸುದ್ದಿ ಇನ್ನೊಂದು, ಮೂಡಲಗಿಯ ಹಿರಿಯ ಬಳೆಗಾರ್ತಿ ಬೇಗಂಬಿ ನಿನ್ನೆ ನಿಧನರಾದರು — ನಿನ್ನೆ ಸತ್ತವಳು ಇವತ್ತು ಅಂಗಡಿ ತೆರೆದು ಕೂತಿರುತ್ತಾಳೆಯೇ, ಸತ್ತ ಮನೆಯವರು ಮಾರನೆಯ ದಿನವೇ ಬಾಗಿಲು ತೆರೆಯುತ್ತಾರೆಯೇ, ಎರಡರಲ್ಲಿ ಒಂದು ಸುಳ್ಳು, ಯಾವುದು, ಬಸ್ಸು ಗೋಕಾಕ ಬಿಟ್ಟು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿದೆ, ಕಂಡಕ್ಟರ್ ಬಂದು ಎಲ್ಲಿಗ್ರಿ ಯವ್ವಾ ಅಂದಾಗ ಫೋನಿನಿಂದ ಕಣ್ಣು ಕೀಳದೆ ಮೂಡಲಗಿ ಅಂದಳು, ಮದುವಿಗೇನ್ರಿ ಎಂದು ಅವನು ಸುಮ್ಮನೆ ಕೇಳಿದ, ಮಡಿಲಿನ ಹೊಸ ಸೀರೆಯ ಕಟ್ಟು ನೋಡಿ ಕೇಳಿರಬೇಕು, ಇಲ್ಲಪಾ, ಬಳಿ ತರಾಕ, ಮೊಮ್ಮಗಳ ಕುಬಸಕ್ಕ. ಸೋಮವಾರ ಕುಬಸ, ಬಸುರಿ ಕಾಜಲ್‌ಗೆ ಹಸಿರು ಸೀರೆ ಉಡಿಸಿ ಕೈ ತುಂಬ ಹಸಿರು ಬಳೆ ಇಡಿಸಬೇಕು, ಮಗಳು ರಾಜೇಶ್ವರಿ ಬೆಳಿಗ್ಗೆ ಸಿಡುಕಿದ್ದಳು, ಯವ್ವಾ, ನಮ್ಮ ಹತ್ತರಗಿ ಊರಾಗ ಬಳಿ ಸಿಗೂದಿಲ್ಲೇನು, ಈ ಮಂಡಿ ಹೊತ್ತಗೊಂಡು ಎರಡೆರಡು ಬಸ್ಸ ಹತ್ತಿ ಹೋಗಬೇಕೇನು — ಸಿಗುತ್ತವೆ, ಯಾಕೆ ಸಿಗುವುದಿಲ್ಲ, ಆದರೆ ನಿನ್ನನ್ನು ಹೆರುವಾಗ ನಾನು ಯಾರ ಕೈ ಹಿಡಿದಿದ್ದೆ ಎಂಬುದು ನಿನಗೆ ಗೊತ್ತಿಲ್ಲ ಮಗಳೇ.

ಬೆಳಿಗ್ಗೆ ಮೊದಲು ತಾನೇ ಹುಡುಕಿದ್ದು, ಕಟ್ಟೆಯ ಮೇಲೆ ಕೂತು ಮೈಕಿನ ಗುರುತು ಒತ್ತಿ ಮೂಡಲಗಿ ಬಳಿ ಅಂಗಡಿ ಅಂದಳು, ಬಂದದ್ದು ಗೊಬ್ಬರದ ಅಂಗಡಿ, ಟಾಯರಿನ ಅಂಗಡಿ, ಒಂದು ಬೇಕರಿ, ಕಾಜಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಯೀ, ಅದಕ್ಕ ನಿನ್ನ ಬಳಿ ತಿಳೀಲಿಲ್ಲ, ಮೂಡಲಗಿ ಬಾಜೂಕ ಇರೋ ಅಂಗಡಿ ಎಲ್ಲಾ ತೋರಸಾಕತ್ತೈತಿ, ಬಳೆ ಅನ್ನು, ಸಾಲಿ ಪುಸ್ತಕದಾಗ ಇರೋ ಹಂಗ — ಬಳೆ ಅಂದಾಗ ಈ ಎರಡೂ ಒಟ್ಟಿಗೆ ಬಂದವು, ಕಾಜಲ್‌ಳ ನಗು ಅಲ್ಲಿಗೇ ನಿಂತಿತು. ಅಂಗಡಿಯ ನಂಬರಿಗೆ ಹಚ್ಚಿದರೆ, ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ, ಅದು ನಂಬರಿಗೆ ಹೇಳಿದ ಮಾತೋ ಬೇಗಂಬಿಗೆ ಹೇಳಿದ್ದೋ — ಆಯೀ, ಅಳಬ್ಯಾಡ, ಫೋನಿನ್ಯಾಗ ಬಂದದ್ದೆಲ್ಲಾ ಖರೆ ಅಲ್ಲ, ಯಾರು ಬರದಾರ, ಯಾವಾಗ ಬರದಾರ, ಅದನ್ನ ಮೊದಲ ನೋಡಬೇಕು, ಎಂದು ಕಾಜಲ್ ಆ ಪುಟವನ್ನು ಮೇಲೆ ಕೆಳಗೆ ಎಳೆದಾಡಿದಳು, ಬರೆದವರ ಹೆಸರಿಲ್ಲ, ತಾರೀಖಿಲ್ಲ, ಫೋಟೋ ಇರಬೇಕಾದ ಜಾಗದಲ್ಲಿ ಉರಿಯುವ ಮೇಣದ ಬತ್ತಿ, ಎಪ್ಪತ್ತೆರಡು ವರ್ಷ ವಯಸ್ಸಾಗಿತ್ತು, ಪುತ್ರ, ಸೊಸೆ ಇದ್ದಾರೆ — ಹಾಂ, ಎಪ್ಪತ್ತೆರಡು ಎಲ್ಲಿಂದ ಬಂತು, ಬೇಗಂಬಿ ನನಗಿಂತ ಸಣ್ಣವಳು, ನನಗೇ ಇನ್ನೂ ಅರವತ್ತೈದು ತುಂಬಿಲ್ಲ, ನೋಡಿದೇನು, ವಯಸ್ಸಽ ತಪ್ಪೈತಿ, ಇದು ಬ್ಯಾರೇ ಯಾರೋ ಬೇಗಂಬಿ, ಅಂದಳು ಕಾಜಲ್, ಮತ್ತೆ ಅಂಗಡಿಯ ಕಡೆ ಹೋಗಿ ಐದು ನಕ್ಷತ್ರ ಕೊಟ್ಟ ಯಾರೋ ಹೆಣ್ಣುಮಗಳ ಮಾತು ಓದಿ ತೋರಿಸಿದಳು, ಬಳಿ ಇಡಸೋ ಕೈ ಭಾಳ ಮೆತ್ತಗ, ಎರಡು ವಾರಗಳ ಹಿಂದೆ, ಇಲ್ಲಿ ತಾರೀಖ ಐತಿ ನೋಡು ಆಯೀ, ಇದನ್ನ ನಂಬಬೇಕು. ಮೆತ್ತನೆಯ ಕೈ ಅಂದರೆ ಅವಳೇ, ಇನ್ಯಾರು — ಆದರೆ ಎರಡು ವಾರದ ಹಿಂದೆ ಇದ್ದವಳು ನಿನ್ನೆ ಹೋಗಬಾರದೆಂದೇನಿದೆ. ಮತ್ತೆ ಆ ಕಪ್ಪು ಅಂಚಿನ ಕೆಳಗೇ ಮಂಡಿನೋವಿನ ಎಣ್ಣೆಯ ಜಾಹೀರಾತು, ತನ್ನ ಮಂಡಿ ನೋಯುವುದು ಈ ಡಬ್ಬಿಗೆ ಹೇಗೆ ತಿಳಿಯಿತು, ಮೂಲೆಯಲ್ಲಿ ಕೂತವಳ ಮಂಡಿ ಗೊತ್ತಿರುವುದಕ್ಕೆ ಮೂಡಲಗಿಯಲ್ಲಿ ಯಾರು ಸತ್ತರೆಂದು ಗೊತ್ತಿರುವುದಿಲ್ಲವೇ, ಇದರ ಒಂದು ಮಾತು ನಂಬಿ ಒಂದು ಬಿಡುವುದು ಹೇಗೆ, ಕಾಜಲ್‌ಗೆ ಇದನ್ನು ಕೇಳಲಿಲ್ಲ, ಕೇಳಬೇಕಿತ್ತು.

ಘಟಪ್ರಭೆ ತುಂಬಿ ಬಂದಿತ್ತು ಆ ಹೆರಿಗೆಯ ದಿನ, ಮೇಲವಂಕಿಯ ನಮ್ಮ ಮನೆ, ಸೂಲಗಿತ್ತಿ ಆಚೆ ದಂಡೆಯಲ್ಲಿ, ಬಳೆ ಮಾರಲು ಬಂದಿದ್ದ ಬೇಗಂಬಿ ಹೆಗಲ ಮೇಲಿನ ಬಳೆಯ ಸರ ಗೂಟಕ್ಕೆ ತೂಗುಹಾಕಿ ಒಳಗೆ ಬಂದವಳು ಹೊರಗೆ ಹೋಗಲೇ ಇಲ್ಲ, ಹಿಡೀ ಇಂದ್ರಾ, ನನ್ನ ಕೈ ಹಿಡಿ, ಗಟ್ಟಿ ಹಿಡಿ, ಎಷ್ಟು ಗಟ್ಟಿ ಹಿಡಿದೆನೋ, ಅವಳ ಮಣಿಕಟ್ಟಿನ ಬಳೆಯೆಲ್ಲ ಪುಡಿಯಾಗಿ ರಕ್ತ ನನ್ನ ಬೆರಳಿಗೆ ಹತ್ತಿತ್ತು, ರಾಜೇಶ್ವರಿ ಹುಟ್ಟಿ ಅತ್ತ ಮೇಲೆ ಬೇಗಂಬಿ ಗಾಜಿನ ಚೂರು ಕಿತ್ತುಕೊಳ್ಳುತ್ತ ಕೂತು ನಗುತ್ತಾಳೆ, ಬಳಿ ಮಾರಾಕಿಗಿ ಬಳಿಗೇನ ಬರ ಬಂತು — ಅಂಥವಳ ನಂಬರು ಹೋಗಿ ವರ್ಷದ ಮೇಲಾಯಿತು, ಹಳೆಯ ಫೋನು ಸಿಮ್ಮು ಸಮೇತ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಗೆ ಬಿತ್ತು, ಅದೇ ಹೊತ್ತಿಗೆ ಮಂಡಿಯ ಆಪರೇಶನ್, ಮಗಳ ಮನೆ, ಹೋಗಬೇಕು, ಮುಂದಿನ ವಾರ ಹೋಗಬೇಕು, ದಸರೆಯಾದ ಮೇಲೆ ಹೋಗಬೇಕು, ಮಣ್ಣಿಗೆ ಇವತ್ತೇ ಹೊತ್ತಿರಬಹುದು, ಇಲ್ಲ, ನಿನ್ನೆಯೇ ಆಗಿರುತ್ತದೆ, ಅವರಲ್ಲಿ ತಡ ಮಾಡುವುದಿಲ್ಲ, ಇಲ್ಲ ಇಲ್ಲ, ಅಂಗಡಿ ತೆರೆದಿದೆ, ಮೂಡಲಗಿ ಬಂತು ಇಳೀರಿ ಯವ್ವಾ, ಇಳಿದಳು, ನಡೆದಳು, ಮಂಡಿ ಇದ್ದದ್ದೇ ಮರೆತಿತ್ತು, ಸಂತೆಯ ದಾರಿ, ಎಳನೀರಿನ ಗಾಡಿ, ತಿರುವು, ಶಟರ್ — ಶಟರ್ ಮೇಲಕ್ಕಿದೆ. ಎದೆಯೊಳಗಿನ ಗಾಳಿಯೆಲ್ಲ ಒಮ್ಮೆಲೇ ಹೊರಗೆ ಬಂತು. ಒಳಗೆ ಬೆನ್ನು ತಿರುಗಿಸಿ ಯಾರೋ ಮೇಲಿನ ಸಾಲಿನಿಂದ ಡಬ್ಬಿ ಇಳಿಸುತ್ತಿದ್ದಾರೆ, ಬೇಗಂಬೀ, ನೀ ಸತ್ತೀ ಅಂತ ಹಾಕ್ಯಾರಲ್ಲೇ ಫೋನಿನ್ಯಾಗ, ನಗುತ್ತಲೇ ಕೂಗಿದಳು, ರಸ್ತೆಗೆ ಕೇಳುವ ಹಾಗೆ.

ತಿರುಗಿದವಳು ಫರೀನ, ಬೇಗಂಬಿಯ ಸೊಸೆ, ಮಗ ಅಸ್ಫಾಕನ ಹೆಂಡತಿ, ಡಬ್ಬಿ ಎದೆಗೆ ಹಿಡಿದು ನಿಂತಳು, ಮೇಲವಂಕಿ ಇಂದ್ರವ್ವ ಕಾಕು ಅಲ್ರಿ ನೀವು, ಬರ್ರಿ, ಒಳಗ ಬರ್ರಿ, ಕುಂದರ್ರಿ ಮೊದಲ, ಆ ಕುಂದರ್ರಿಯಲ್ಲೇ ಇಂದ್ರವ್ವನಿಗೆ ತಿಳಿಯಿತು, ತಿಳಿದರೂ ಕೇಳಿದಳು, ನಿನ್ನಿ ಏನಾತವ್ವಾ. ನಿನ್ನಿ ಏನಿಲ್ರಿ ಕಾಕು, ಅತ್ತಿ ಹೋಗಿ ವರ್ಷಾತು, ಹ್ವಾದ ವರ್ಷ ಮಳಿಗಾಲದಾಗ, ನಮ್ಮನಿಯವರು ನಿಮ್ಮ ನಂಬರಿಗೆ ಭಾಳ ಸಲ ಹಚ್ಚಿದ್ರು, ಹತ್ತಲೇ ಇಲ್ಲ. ಇಂದ್ರವ್ವ ಫೋನು ಚಾಚಿದಳು, ನಿನ್ನಿ ಅಂತ ಐತೆಲ್ಲವಾ ಇಲ್ಲಿ, ನಿನ್ನಿ ಅಂತಽ ಐತಿ. ಫರೀನ ಓದಿದಳು, ಹೂಂ ರಿ, ಇದು ಆವಾಗ ಬರದದ್ದು, ಆವಾಗಿನ ನಿನ್ನಿ. ಮತ್ತ ವಯಸ್ಸು, ಎಪ್ಪತ್ತೆರಡು ಬರದಾರ, ತಪ್ಪಲ್ಲೇನು, ಹೇಳು, ತಪ್ಪಲ್ಲೇನು. ಆಧಾರ ಕಾರ್ಡಿನ್ಯಾಗಽ ಹಂಗ ಬಿದ್ದಿತ್ರಿ, ಅದನ್ನ ನೋಡಿ ಹಾಕ್ಯಾರ. ಮತ್ತ ಅಂಗಡಿ. ಅಂಗಡಿ ನಾನಽ ತಗೀತೇನಿ ದಿನಾ. ಹಾಗಾದರೆ ಮೆತ್ತನೆಯ ಕೈಯೂ ಇವಳದು, ಯಾವುದೂ ಸುಳ್ಳಲ್ಲ, ಒಂದೂ ಸುಳ್ಳಲ್ಲ, ಎಲ್ಲವೂ ಖರೆಯಾಗಿದ್ದು ಇದು ಹೇಗೆ ಮೋಸವಾಯಿತು, ಯಾರ ಮೇಲೆ ಸಿಟ್ಟಾಗಬೇಕು, ಫರೀನಳ ಕಣ್ಣು ಒಣಗಿವೆ, ಒಣಗಬೇಕಾದದ್ದೇ, ಅತ್ತು ಮುಗಿಸಿ ವರ್ಷವಾಗಿದೆ ಇವರೆಲ್ಲ, ಊರೆಲ್ಲ ಅತ್ತು ಮುಗಿಸಿದೆ, ನನಗೊಬ್ಬಳಿಗೇ ಅವಳು ಈಗ ಸತ್ತಿದ್ದಾಳೆ, ನಾನು ಕೂತ ಈ ಬಾಕಿನ ಮೇಲೆ, ಫರೀನ ತರಿಸಿಟ್ಟ ಈ ಚಹಾ ಆರುವುದರೊಳಗೆ, ಜೊತೆಗೆ ಅಳಲು ಯಾರನ್ನು ಕರೆಯುವುದು, ಬಸುರಿಗೆ ಹೇಳುವಂತಿಲ್ಲ, ಕುಬಸದ ಮನೆ — ಬಳಿ ಯಾರಿಗ್ರಿ ಕಾಕು, ಕಾಜಲ್‌ಗಾ, ಅಳತಿ ಎಷ್ಟು, ಎಂದು ಕೇಳುತ್ತ ಫರೀನ ಗಲ್ಲಾಪೆಟ್ಟಿಗೆಯ ಮೇಲಿಂದ ಚಸ್ಮಾ ತೆಗೆದುಕೊಂಡಳು, ಒಂದು ಕಾಲು ಮುರಿದು ಕೆಂಪು ದಾರ ಸುತ್ತಿದ್ದು, ಅತ್ತೀದು, ನನಗೂ ಸಣ್ಣ ಅಕ್ಷರ ಕಾಣೂದಿಲ್ಲ ಈಗ, ಅಂದಳು, ಡಬ್ಬಿಯ ಮೇಲಿನ ಅಂಕಿ ಓದಿದಳು, ಅಳತೆ ಹೇಳಬೇಕು, ಎರಡೂ ಕಾಲೋ ಎರಡೂವರೆಯೋ, ಕಾಜಲ್ ಬೆಳಿಗ್ಗೆ ಹೇಳಿದ್ದಳು, ಹೇಳಿದ್ದಳಲ್ಲ, ದಾರದ ಸುತ್ತು ಒಂದರ ಮೇಲೊಂದು ಎಷ್ಟು ಒತ್ತಾಗಿ ಬಂದಿದೆ, ಬೇಗಂಬಿಯ ಆ ಕೈಯೇ ಸುತ್ತಿರಬೇಕು, ಹೇಳ್ರಿ ಕಾಕು, ಅಳತಿ ಎಷ್ಟು, ಫರೀನ ತಲೆ ಎತ್ತಿದಳು, ಚಸ್ಮಾ ಮೂಗಿನ ತುದಿಗೆ ಜಾರಿತ್ತು, ಕಿವಿಯ ಹತ್ತಿರ ಕೆಂಪು ದಾರ, ಅಳತೆ, ಕೆಂಪು ದಾರ, ದಾರದ ತುದಿಯ ಗಂಟು —