ಹಿತ್ತಲ ಬಾಗಿಲಿನ ಮೇಷ್ಟ್ರು

ಕರಿಬಸವರಾಜ ಮೇಷ್ಟ್ರು ಯಾರ ಮನೆಗೆ ಹೋದರೂ ಮೊದಲು ಆ ಮನೆಯ ಬೆನ್ನು ನೋಡುತ್ತಾರೆ. ಗೇಟಿನಲ್ಲಿ ಕೈಮುಗಿದು ನಿಂತ ಯಜಮಾನರಿಗೆ "ಬಂದೆ, ಬಂದೆ" ಎಂದು ಹೇಳಿ, ಕಾಂಪೌಂಡಿನ ಸಂದಿಯಲ್ಲಿ ಮಾಯವಾಗಿ, ಪಾತ್ರೆ ತೊಳೆಯುವ ಕಟ್ಟೆ, ಬಚ್ಚಲು, ಕಸದ ಬುಟ್ಟಿ ಎಲ್ಲವನ್ನೂ ಕಣ್ಣಲ್ಲೇ ಅಳೆದು, ಅಡುಗೆಮನೆಯ ಕಡೆಯಿಂದ ನಡುಮನೆಗೆ ಬಂದು ಕೂರುತ್ತಾರೆ. ತಂಗಿಯ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹೀಗೇ ಮಾಡಿ, ಉಪ್ಪಿಟ್ಟು ತಿರುವುತ್ತಿದ್ದ ಹೆಂಗಸರನ್ನು ಬೆಚ್ಚಿಬೀಳಿಸಿದ್ದರು. ಬೂದುಬಣ್ಣದ ಖಾದಿ ಕೋಟು, ಅಳತೆ ಟೇಪಿನ ಭಾರಕ್ಕೆ ಜೋತುಬಿದ್ದ ಅದರ ಬಲಜೇಬು, ಎಷ್ಟೇ ಎತ್ತರದ ಬಾಗಿಲಿದ್ದರೂ ದಾಟುವಾಗ ತಾನಾಗಿ ತಗ್ಗುವ ಕತ್ತು: ದಾವಣಗೆರೆಯಲ್ಲಿ ಅವರನ್ನು ದೂರದಿಂದಲೇ ಗುರುತಿಸಬಹುದು.

ಕತ್ತು ತಗ್ಗಿಸುವುದನ್ನು ಅವರು ಕಲಿತದ್ದು ಹುಟ್ಟೂರಾದ ಸಾರಥಿ ಎಂಬ ಹಳ್ಳಿಯಲ್ಲಿ. ಅವರದು ಅಲ್ಲಿನ ದೊಡ್ಡ ಜಮೀನಿನ ಮನೆ. ಕೂಲಿಯವರಿಗೆಂದು ಹಿತ್ತಲಲ್ಲಿ ಕುಳ್ಳ ಬಾಗಿಲೊಂದಿತ್ತು. ಯಾವ ಆಳಾದರೂ ಬಗ್ಗದೆ ಒಳಗೆ ಬರುವಂತಿರಲಿಲ್ಲ. ಹೊಲದಿಂದ ಆಳುಗಳ ಜೊತೆಗೇ ಆ ಬಾಗಿಲಲ್ಲಿ ಬರುತ್ತಿದ್ದ ಹುಡುಗ ಕರಿಬಸವರಾಜನಿಗೆ ತಾಯಿ, "ಧಣಿ ಮಗ ಆಗಿ ಬಗ್ಗಿ ಬರ್ತೀಯಲ್ಲೋ, ನಾಚ್ಕಿ ಆಗಲ್ಲೇನೋ" ಎನ್ನುತ್ತಿದ್ದರಂತೆ. ಆ ಬಾಗಿಲನ್ನು ಹಾಗೆ ಇಟ್ಟವರು ಯಾರು, ಯಾಕೆ ಎಂಬ ಪ್ರಶ್ನೆಯೇ ಅವರನ್ನು ವಾಸ್ತುಶಿಲ್ಪದ ಇತಿಹಾಸಕ್ಕೆ ಎಳೆದು ತಂದಿತು.

ಆವರಗೆರೆ ಕಡೆಯ ಖಾಸಗಿ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಅವರು ಕಲಿಸಿದ್ದು ಅದನ್ನೇ. ಗುಮ್ಮಟ, ಕಮಾನುಗಳ ಚಿತ್ರ ನೋಡಲು ಬಂದ ಮಕ್ಕಳಿಗೆ ಅವರು ಪಿರಮಿಡ್ಡಿನ ಬದಲು ಅದನ್ನು ಕಟ್ಟಿದವರ ಬಿಡಾರ ತೋರಿಸಿದರು. ಫ್ರಾನ್ಸಿನ ಅರಮನೆಗಳಲ್ಲಿ ಆಳುಗಳು ಕಣ್ಣಿಗೆ ಬೀಳದಂತೆ ಓಡಾಡಲು ಗೋಡೆಯೊಳಗೆ ಅಡಗಿಸಿಟ್ಟ ಮೆಟ್ಟಿಲು ತೋರಿಸಿದರು. ಇಂಗ್ಲೆಂಡಿನ ಗಿರಣಿ ಊರುಗಳ ಬೆನ್ನಿಗೆ ಬೆನ್ನು ಅಂಟಿದ ಮನೆಗಳಿಂದ ಹೊರಟು, ಅದೇ ತರಗತಿಯಲ್ಲಿ, ದಾವಣಗೆರೆಯ ನಿಂತುಹೋದ ಹತ್ತಿ ಗಿರಣಿಗಳ ಸಾಲುಮನೆಗೆ ಬಂದು ತಲುಪಿದರು. ಹರಿಹರದ ದೇವಸ್ಥಾನದ ನುಣುಪಾದ ಕಂಬಗಳ ಮುಂದೆ ಹುಡುಗರು ಫೋಟೊ ತೆಗೆದುಕೊಳ್ಳುತ್ತಿದ್ದಾಗ ಕೇಳಿದರು: "ಇದನ್ನ ಉಜ್ಜಿದೋನು ಒಳಗೆ ಬಂದು ಕೈ ಮುಗಿದ್ನೋ, ಹೊರಗೇ ನಿಂತ್ನೋ?" ಯಾರಿಗೂ ಗೊತ್ತಿರಲಿಲ್ಲ. "ನಂಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಬರ್ಕೊಳ್ರಿ."

ನಿವೃತ್ತಿಯ ಹಣದಲ್ಲಿ ದೇವರಾಜ ಅರಸು ಬಡಾವಣೆಯ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಾಗ, ಪ್ಲಾನು ಹಾಕಲು ಬಂದವಳು ಅವರ ಹಳೆಯ ವಿದ್ಯಾರ್ಥಿನಿ ತನುಶ್ರೀ, ಈಗ ಊರಿನಲ್ಲಿ ಕೈತುಂಬ ಕೆಲಸವಿರುವ ಆರ್ಕಿಟೆಕ್ಟ್. ಅವಳು ಮೇಜಿನ ಮೇಲೆ ಹರಡಿದ ಹಾಳೆಯನ್ನು ಮೇಷ್ಟ್ರು ಎಂದಿನಂತೆ ಮನೆಯ ಹಿಂಭಾಗದಿಂದ ಓದಿದರು. ಗೇಟಿನ ಪಕ್ಕದಿಂದಲೇ ಒಬ್ಬರು ನುಸುಳುವಷ್ಟು ಸಂದಿ. ಸಂದಿಯಲ್ಲಿ ಕೆಲಸದವರ ಶೌಚಾಲಯ. ಅಲ್ಲಿಂದ ಅಡುಗೆಮನೆಗೆ ಬೇರೆ ಬಾಗಿಲು. ನಡುಮನೆಯಲ್ಲಿ ಕೂತವರಿಗೆ ಆ ದಾರಿಯಲ್ಲಿ ಬಂದುಹೋಗುವವರು ಕಾಣುತ್ತಿರಲಿಲ್ಲ.

"ಏನವ್ವಾ ಇದು?"

"ನೀವೇ ಕಲಿಸಿದ್ದಲ್ರೀ ಸರ್! ಹಳೇ ಪ್ಯಾಟೆ ಮನಿಗಳ ಹಿತ್ತಲು, ಸಂದಿ ಎಲ್ಲ ನಮ್ಮ ಕೈಲಿ ಅಳತಿ ತೆಗೆಸಿದ್ರಿ. ಅದನ್ನೇ ಸಣ್ಣ ಸೈಟಿಗೆ ಕೂರಿಸೀನಿ. ಈಗ ಎಲ್ರೂ ಇದನ್ನೇ ಕೇಳ್ತಾರೆ."

"ಅಳತಿ ತೆಗೆಸಿದ್ದು ಯಾಕ ಅಂತ ನೆನಪೈತೇನು?"

"ಐತಲ್ಲ ಸರ್, ಪರೀಕ್ಷೆಗೆ ಬಂದಿತ್ತು."

ಆ ಬಾಗಿಲು ಬೇಡ ಎಂದು ಅವರು ಹೆಂಡತಿಗೆ ಹೇಳಿ ನೋಡಿದರು. ದ್ರಾಕ್ಷಾಯಣಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಬಾಡಿಗಿ ಮನ್ಯಾಗೆ ಇಷ್ಟು ವರ್ಷ ಒಂದೇ ಬಾಗ್ಲು. ಬೀಗ್ರು ಬಂದ್ರೂ ಅಲ್ಲೇ, ಕಸ ಹೋದ್ರೂ ಅಲ್ಲೇ. ಜಗತ್ತಿನ ಮನಿಗಳ್ನೆಲ್ಲ ನೋಡಿದ್ರಿ ನೀವು. ನನಗೊಂದು ಮನಿ ಮನಿಯಂಗೆ ಇರ್ಲಿ ಬಿಡ್ರಿ." ಆ ಒಂದೇ ಬಾಗಿಲಿನಲ್ಲಿ ಇಷ್ಟು ವರ್ಷವೂ ಬಂದು ಕೆಲಸ ಮಾಡಿಹೋದವಳು ಆವರಗೆರೆಯ ಭಾಗ್ಯಲಕ್ಷ್ಮಿ ಎಂಬುದನ್ನು ಮೇಷ್ಟ್ರು ಆಮೇಲೆ ನೆನೆದರು. ನಾಳೆ ಹೇಳಿದರಾಯಿತು ಎನ್ನುತ್ತಿರುವಾಗ ಗೋಡೆ ಮೇಲೆದ್ದಿತು. ಮುಂಬಾಗಿಲಿನ ಚೌಕಟ್ಟು ನಿಲ್ಲಿಸಿದ ದಿನ ಅರಿಸಿನ, ಕುಂಕುಮ, ತೆಂಗಿನಕಾಯಿ ಎಲ್ಲ ಆಯಿತು. ಸಂದಿಯ ಚೌಕಟ್ಟನ್ನು ಗಾರೆಯವರು ಮಧ್ಯಾಹ್ನದ ಊಟ ಮುಗಿಸಿ ಬಂದು ಸುಮ್ಮನೆ ನಿಲ್ಲಿಸಿದರು. "ಇದಕ್ಕೂ ಒಂದು ಪೂಜೆ ಮಾಡ್ರಪ್ಪ" ಎಂದ ಮೇಷ್ಟ್ರ ಮಾತಿಗೆ ಮೇಸ್ತ್ರಿ ನಕ್ಕು, ಚೌಕಟ್ಟು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ರಸಗುಂಡು ಇಳಿಬಿಟ್ಟ.

ಗೃಹಪ್ರವೇಶದ ದಿನ ಅವರು ಹೆಂಡತಿಯೊಡನೆ ಮುಂಬಾಗಿಲಿನಿಂದಲೇ ಹೊಸ್ತಿಲು ದಾಟಿದರು. ಸ್ವಾಮಿಗಳ ಪಾದಪೂಜೆಯೂ ಆಯಿತು. ಮೊದಲ ಪಂಕ್ತಿ ಏಳುವ ಹೊತ್ತಿಗೆ ಯಾರಿಗೂ ಹೇಳದೆ ಹೊರಗೆ ಹೋಗಿ ಸಂದಿಗೆ ನುಗ್ಗಿದರು. ಎಲ್ಲರೂ ನೋಡುವಂತೆ ಈ ದಾರಿಯಲ್ಲಿ ಒಳಗೆ ಬಂದು ನಿಂತು, ಇದು ಬೇಡ, ನಾಳೆಯೇ ಮುಚ್ಚಿಸಿ ಎಂದುಬಿಡಬೇಕು ಎಂದುಕೊಂಡಿದ್ದರು. ಎದುರಿಗೆ ಎಂಜಲೆಲೆ ತುಂಬಿದ ಪುಟ್ಟಿ ಹೊತ್ತು ಭಾಗ್ಯಲಕ್ಷ್ಮಿ ಬಂದಳು. ಇಬ್ಬರೂ ಒಟ್ಟಿಗೆ ಹಾಯುವಷ್ಟು ಜಾಗವಿರಲಿಲ್ಲ.

"ಈ ಕಡಿ ಯಾಕ ಬಂದ್ರಿ ಸಾರ್? ದಾರಿ ಬಿಡ್ರಿ, ಮುಸುರೆ ಐತೆ, ಕೋಟಿಗೆ ಹತ್ತುತ್ತೆ."

"ಭಾಗ್ಯಮ್ಮ, ನೀನು ಮೊದ್ಲಿನಂಗೆ ಮುಂದಿನ ಬಾಗ್ಲಾಗೇ ಬಾ."

ಅವಳು ಒಳಗಿನ ಕಡೆಗೊಮ್ಮೆ ನೋಡಿದಳು. "ಬ್ಯಾಡ್ರಿ ಸಾರ್. ಅಮ್ಮಾರು ನಿನ್ನೇನೇ ಇದರ ಕೀಲಿ ನನ್ನ ಕೈಗೆ ಕೊಟ್ಟಾರೆ. ಹೂವಾ ನಾನೇ ಏರಿಸೀನಿ, ನೋಡ್ರಿ."

ಬಾಗಿಲ ತಲೆಯ ಮೇಲೆ ಗಿಡ್ಡದೊಂದು ಸೇವಂತಿಗೆ ಮಾಲೆಯಿತ್ತು. ಮೇಷ್ಟ್ರು ಹಿಂದಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಆಮೇಲೆ, ಬಗ್ಗಬೇಕಾದ ಅಗತ್ಯವೇ ಇಲ್ಲದ ಆ ಬಾಗಿಲಿನಲ್ಲಿ ಕತ್ತು ತಗ್ಗಿಸಿ, ಅಡುಗೆಮನೆ ದಾಟಿ ನಡುಮನೆಗೆ ಬಂದರು.

"ಸ್ವಂತ ಮನಿಗೂ ಹಿಂದ್ಲಿಂದನ ಬಂದ್ರಲ್ಲಪ್ಪ ನಮ್ಮ ಮೇಷ್ಟ್ರು!" ಎಂದು ಯಾರೋ ಕೂಗಿದರು. ಮನೆ ತುಂಬ ನಗು. ತನುಶ್ರೀ ಮೊಬೈಲಿನಲ್ಲಿ ಫೋಟೊ ತೆಗೆದಳು. ದ್ರಾಕ್ಷಾಯಣಮ್ಮನೂ ಸೆರಗು ಬಾಯಿಗಿಟ್ಟು ನಕ್ಕರು. ಮನೆಯ ಕೆಲಸ ಶುರುವಾದಾಗಿನಿಂದ ಅವರು ಹಾಗೆ ನಕ್ಕಿರಲಿಲ್ಲ. ಮೇಷ್ಟ್ರು ಬಾಗಿಲು ಮುಚ್ಚಿಸುವ ಮಾತೆತ್ತಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಮುಂದೆ ಎಲೆ ಹಾಕಿ ಹೋಳಿಗೆ ಬಡಿಸಲಾಗಿತ್ತು.

ಗೋಡೆಗಳು ಯಾಕೆ ಎದ್ದವು ಎಂದು ಬಲ್ಲವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಊರು ಅವರ ಮೇಲೆ ಸಿಟ್ಟಾಗುವುದಿಲ್ಲ, ಅವರನ್ನು ದೂರವೂ ಇಡುವುದಿಲ್ಲ. ಅವರ ಪ್ರಶ್ನೆಯನ್ನು ಅವರದೊಂದು ಚಾಳಿ ಎಂದು ಅಕ್ಕರೆಯಿಂದ ಕರೆದು, ತನಗೆ ಬೇಕಾದ ಕಡೆ ಬಾಗಿಲು ಇಟ್ಟುಕೊಳ್ಳುತ್ತದೆ. ಅವರಾದರೂ, ಯಾವ ಕಡೆಯಿಂದ ಒಳಗೆ ಬಂದರೇನು, ಕೊನೆಗೆ ಅದೇ ನಡುಮನೆಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂರುತ್ತಾರೆ.