ಬಂಪರಿನೊಳಗಿನ ಬಿಳಿ ಬೆಡ್‌ಶೀಟು

ಮಗಳಿಗೆ ಸಾಕುಸಾಕಾಗಿ ಹೋಗಿತ್ತು. ಅಪ್ಪ ಹನ್ನೊಂದು ವರ್ಷ ಅಲೆದು ತೆಗೆದ ಅಮೆರಿಕದ ಹಳೆಯ ಐಷಾರಾಮಿ ಕಾರುಗಳ ಫೋಟೋಗಳು ಕೊನೆಗೂ ಪುಸ್ತಕವಾಗುತ್ತಿದ್ದವು. ನೂರಾ ಇಪ್ಪತ್ತು ಪುಟ, ಪುಟಕ್ಕೊಂದು ಕಾರು. ಮಾರುದ್ದದ ಬಾನೆಟ್ಟು, ಹಿಂದೆ ಮೀನಿನ ರೆಕ್ಕೆಯಂಥ ಬಾಲ, ಮುಂದೆ ಫಳಫಳ ಹೊಳೆಯುವ ಕ್ರೋಮ್ ಬಂಪರು. ಅವಳ ಜೀವ ಹಿಂಡಿದ್ದು ಆ ಬಂಪರುಗಳೇ. ಕ್ರೋಮ್ ಎಂದರೆ ಕನ್ನಡಿ. ಎದುರಿಗೆ ನಿಂತವರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಕಂಪ್ಯೂಟರಿನ ಮುಂದೆ ಕೂತು ಅವರನ್ನೆಲ್ಲ ಅಳಿಸುವುದು ಅವಳ ಕೆಲಸ.

"ಇಲ್ನೋಡು, ಇನ್ನೂ ನನ್ನ ಮೂಗು ಕಾಣ್ತಿದೆ," ಎಂದು ಅಪ್ಪ ಅವಳ ಹೆಗಲ ಮೇಲಿಂದ ಬಗ್ಗಿದ. "ಬಂಪರಲ್ಲಿ ಒಂದು ನರಪಿಳ್ಳೆನೂ ಕಾಣಬಾರದು."

"ಅದು ಮೂಗಲ್ಲಪ್ಪ, ಲೈಟು ಕಂಬ."

"ಏನೋ ಒಂದು. ತೆಗಿ."

ಅಪ್ಪನ ಪಕ್ಕದಲ್ಲಿ, ಪ್ರತಿ ಬಂಪರಿನಲ್ಲೂ, ಅಮ್ಮ ಇದ್ದಳು. ಕ್ರೋಮಿನ ಮೇಲೆ ಬೆಳಕು ನಯವಾಗಿ ಹರಡಬೇಕಾದರೆ ಎದುರಿಗೆ ಬಿಳಿ ಬಟ್ಟೆ ಹಿಡಿಯಬೇಕು. ಹಿಡಿದವಳು ಅಮ್ಮ. ಮನೆಯ ದೊಡ್ಡ ಬೆಡ್‌ಶೀಟನ್ನು ಬೆನ್ನ ಹಿಂದೆ ಇಳಿಬಿಟ್ಟು, ಎರಡೂ ಕೈ ತಲೆಯ ಮೇಲಕ್ಕೆತ್ತಿ, ಸುಡುಬಿಸಿಲಿನಲ್ಲಿ ನಿಲ್ಲುತ್ತಿದ್ದಳು. "ಇನ್ನೂ ಮೇಲೆ, ಇನ್ನೂ ಮೇಲೆ" ಅನ್ನಿಸಿಕೊಂಡೂ ಅನ್ನಿಸಿಕೊಂಡೂ ಅವಳ ಬಲಭುಜ ಹಿಡಿದುಕೊಂಡೇಬಿಟ್ಟಿತ್ತು. ಆದರೂ ಅಕ್ಕಪಕ್ಕದವರಿಗೆಲ್ಲ, "ಪುಸ್ತಕ ಬರ್ಲಿ, ಬಂಪರಲ್ಲಿ ನೋಡಿ, ಎಲ್ಲದ್ರಲ್ಲೂ ನಾನಿದೀನಿ" ಎಂದು ಹೇಳಿಕೊಂಡು ಬಂದಿದ್ದಳು. ಮಗಳು ಬೇಸರದಲ್ಲಿ ಸಾಲಾಗಿ ಅಳಿಸುತ್ತ ಹೋದಳು: ಅಪ್ಪ, ಅಮ್ಮ, ಅಪ್ಪ, ಅಮ್ಮ.

ಅಚ್ಚಿಗೆ ಹೋಗುವ ಹಿಂದಿನ ದಿನ ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಪ್ರೂಫ್ ಹಾಳೆಗಳ ಮುಂದೆ ಕೂತಳು. ಮೊದಲಿಗೆ ಕೃತಜ್ಞತೆಯ ಪುಟ. ಕಾರುಗಳ ಮಾಲೀಕರು, ಮೆಕ್ಯಾನಿಕ್ಕುಗಳು, ಕ್ಯಾಮೆರಾ ರಿಪೇರಿಯವನು, ಎಂದೋ ಒಮ್ಮೆ ಕೊಡೆ ಕೊಟ್ಟ ವಾಚ್‌ಮನ್ನು, ಎಲ್ಲರೂ ಇದ್ದರು. ಅವಳ ಸುದ್ದಿಯೇ ಇಲ್ಲ. ಅಮ್ಮ ಒಂದೊಂದೇ ಬಂಪರನ್ನು ಕಣ್ಣಿಗೆ ಹತ್ತಿರ ಹಿಡಿದು ಹುಡುಕತೊಡಗಿದಳು.

"ಈ ಕೆಂಪು ಕಾರಿಗೆ ಮೂರು ಗಂಟೆ ನಿಂತಿದ್ದೆ. ನಾನೆಲ್ಲಿ?"

"ಲೇ, ಕಾರು ನೋಡೇ," ಎಂದ ಅಪ್ಪ.

ಅಮ್ಮ ಕನ್ನಡಕ ತೆಗೆದಳು. "ನೋಡಿದೆ. ಚೆನ್ನಾಗಿದೆ," ಎಂದು ಎದ್ದು ಒಳಗೆ ಹೋದಳು.

ಮಗಳಿಗೆ ಅಪ್ಪನ ಮೇಲೆ ಮೈಯೆಲ್ಲ ಉರಿಯಿತು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಹೇಳಿದವನು ಅಪ್ಪನಾದರೂ ನೂರಾ ಇಪ್ಪತ್ತು ಸಲ ಅಮ್ಮನನ್ನು ಅಳಿಸಿದ್ದು ತನ್ನ ಕೈಯೇ. ಎಲ್ಲವನ್ನೂ ಸರಿಮಾಡಲು ಹೊತ್ತಿರಲಿಲ್ಲ. ಕೆಂಪು ಕಾರಿನ ಮೂಲ ಫೋಟೋ ತೆರೆದು ಮೊದಲಿನಿಂದ ಶುರು ಮಾಡಿದಳು.

"ಮತ್ತೇನು ಕೆರೀತಿದೀಯ ಅದನ್ನ?" ಅಪ್ಪ ಗೊಣಗಿದ.

"ನಿನ್ನ ಮೂಗು."

ಪುಸ್ತಕ ಮನೆಗೆ ಬಂದ ದಿನ ಅಪ್ಪ ಒಂದೊಂದೇ ಪುಟಕ್ಕೆ ತಲೆದೂಗುತ್ತ ಬಂದವನು ಕೆಂಪು ಕಾರಿನ ಮುಂದೆ ನಿಂತುಬಿಟ್ಟ. ಬಂಪರಿನ ನಟ್ಟನಡುವೆ ಹೆಬ್ಬೆರಳುದ್ದದ ಅಮ್ಮ ಬೆಡ್‌ಶೀಟು ಎತ್ತಿ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಪಕ್ಕದ ಜಾಗ ನುಣ್ಣಗೆ ಖಾಲಿಯಾಗಿತ್ತು.

"ಏನಿದು? ಇವಳೊಬ್ಬಳೇ ಇದಾಳೆ! ನಾನೆಲ್ಲಿ?"

ಅಮ್ಮ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಕನ್ನಡಕ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು.

"ಕಾರು ನೋಡ್ರೀ," ಎಂದಳು.