ಭಾಗವ್ವನ ಎರಡನೆಯ ಕೂಸು ಮತ್ತು ನಾನು

ಒಂದಾನೊಂದು ಊರು. ಏಳು ಸಮುದ್ರದಾಚೆ ಏನಲ್ಲ, ಗದಗ. ಅಲ್ಲಿ ಒಂದು ಅಚ್ಚುಕೂಟ, ಅಚ್ಚುಕೂಟದ ತಲೆಯ ಮೇಲೆ ಎರಡು ಕೋಣೆ, ಕೋಣೆಯೊಳಗೆ ನಾಲ್ಕು ಕಂಪ್ಯೂಟರ್. ಕೆಳಗೆ ಲಗ್ನಪತ್ರಿಕೆ ಅಚ್ಚಾಗುವಾಗ ಮೇಲೆ ನೆಲ ಗುಡುಗುಡು ಎನ್ನುತ್ತಿತ್ತು. ಅಂಥ ಒಂದು ಗುಡುಗುಡು ಬೆಳಿಗ್ಗೆ ನಾನು ಹುಟ್ಟಿದೆ.

ನಾನು ಒಂದು ಪರೀಕ್ಷೆ. ಮಕ್ಕಳು ಬೆವರುತ್ತ ಬರೆಯುವ ಪರೀಕ್ಷೆಯಲ್ಲ; ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳುವ ಪರೀಕ್ಷೆ. ನನ್ನ ಮೈಯೆಲ್ಲ ಪೈತಾನ್ ಎಂಬ ಭಾಷೆಯಲ್ಲಿದೆ. ಹುಟ್ಟುವಾಗ ಆರೇ ಸಾಲು ಇದ್ದೆ. ಕೋಟೆಯ ಬಾಗಿಲಲ್ಲಿ ನಿಂತು "ಯಾರು ನೀನು, ಎಲ್ಲಿಂದ ಬಂದೆ?" ಎಂದು ಗದರುವ ಕಾವಲುಗಾರ ಇರುತ್ತಾನಲ್ಲ, ನನ್ನದೂ ಅದೇ ಕೆಲಸ. ಸರಿಯಾದ ಉತ್ತರ ಬಂದರೆ ಪರದೆಯ ಮೇಲೆ ಹಸಿರು ಚುಕ್ಕೆ ಇಡುತ್ತೇನೆ. ತಪ್ಪು ಬಂದರೆ ಕೆಂಪಾಗಿ ಕೂಗುತ್ತೇನೆ.

ನನ್ನನ್ನು ಬರೆದವಳು ನೀಲಾಂಬಿಕಾ. ಬಿ.ಎಸ್ಸಿ. ಮುಗಿಸಿ, ಪ್ರೋಗ್ರಾಮುಗಳನ್ನು ಪರೀಕ್ಷಿಸುವುದನ್ನು ಕಲಿಯಲು ಬಂದವಳು. ಕಲಿಸುತ್ತಿದ್ದವರು ಫರೀದಾ ಮೇಡಂ. ನಾನು ಕಾಯಬೇಕಿದ್ದ ಪ್ರೋಗ್ರಾಮು ಊರ ಹೊರಗಿನ ಒಂದು ಹೆರಿಗೆ ಆಸ್ಪತ್ರೆಯದು. ಯಾವ ಕೂಸಿಗೆ ಯಾವ ದಿನ ಚುಚ್ಚುಮದ್ದು ಎಂದು ಲೆಕ್ಕ ಹಾಕಿ ಅದು ಚೀಟಿ ಅಚ್ಚು ಮಾಡುತ್ತಿತ್ತು. ಅದನ್ನು ಬರೆದವನು ಪಕ್ಕದ ಕುರ್ಚಿಯ ವಾದಿರಾಜ. ಅದರಲ್ಲಿ ತಪ್ಪಿದೆ ಎಂದರೆ ಅವನ ಮುಖ ಹಾಗಲಕಾಯಿ ಕಚ್ಚಿದಂತಾಗುತ್ತಿತ್ತು.

ನಾಚಿಕೆಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಸುಳ್ಳುಗಾರನಾಗಿ. ಕೂಸು ಹುಟ್ಟಿದ ನಲವತ್ತೆರಡನೆಯ ದಿನ ಮೊದಲ ಚುಚ್ಚುಮದ್ದು ಬರುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ನೀಲಾ ನನ್ನನ್ನು ಓಡಿಸಿದಳು, ಹಸಿರು ಚುಕ್ಕೆ ಬಿತ್ತು, ಅವಳು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು.

"ಹಿಗ್ಗಬ್ಯಾಡ," ಎಂದರು ಫರೀದಾ ಮೇಡಂ. "ಪ್ರೋಗ್ರಾಮ್ ಒಳಗ ಹೋಗಿ ನಲವತ್ತೆರಡನ್ನ ನಲವತ್ತು ಮಾಡು. ಬೇಕಂತನ ಕೆಡಸು. ಆಮ್ಯಾಲೆ ಮತ್ತ ಓಡಸು."

ನೀಲಾ ಕೆಡಿಸಿದಳು, ಓಡಿಸಿದಳು. ನಾನು ಮತ್ತೆ ಹಸಿರು ಚುಕ್ಕೆಯನ್ನೇ ಇಟ್ಟೆ. ಏನು ಮಾಡಲಿ? ನನ್ನ ಆರು ಸಾಲಿನಲ್ಲಿ ಪ್ರೋಗ್ರಾಮನ್ನು ಕರೆಯುವ ಸಾಲಿತ್ತು, ಅದು ಕೊಟ್ಟ ಉತ್ತರವನ್ನು ತೋರಿಸುವ ಸಾಲಿತ್ತು; "ಉತ್ತರ ಇದೇ ಆಗಿರಬೇಕು" ಎಂದು ಹಟ ಹಿಡಿಯುವ ಸಾಲು ಮಾತ್ರ ಇರಲಿಲ್ಲ.

"ಇದು ಕಾವಲುಗಾರ ಅಲ್ಲವ್ವಾ, ಬೆದರುಗೊಂಬಿ," ಎಂದರು ಮೇಡಂ. "ಕೆಂಪಾಗೂದನ್ನ ಒಮ್ಮೆ ಕಣ್ಣಾರೆ ನೋಡೂತನಕ ಯಾವ ಪರೀಕ್ಷಾನೂ ನಂಬಬ್ಯಾಡ. ನೀನ ಬರದದ್ದಾದ್ರೂ ಅಷ್ಟ."

ನೀಲಾ ಕಿವಿಯವರೆಗೆ ಕೆಂಪಾಗಿ ಏಳನೆಯ ಸಾಲು ಬರೆದಳು. ನಾನೂ ಕೆಂಪಾದೆ. ಅಂದಿನಿಂದ ನಾನು ಸತ್ಯವಂತ.

ಹೀಗಿರಲು ಒಂದು ಸೋಮವಾರ ಮೆಟ್ಟಿಲು ಹತ್ತಿ ಆಸ್ಪತ್ರೆಯ ಹಿರಿಯ ನರ್ಸ್ ತಿಪ್ಪವ್ವ ಬಂದರು. ಮೊಣಕಾಲು ಹಿಡಿದುಕೊಂಡು, ಏದುಸಿರು ಬಿಡುತ್ತ, ಕೂಡುವ ಮೊದಲೇ ಮಾತು ತೆಗೆದರು.

"ಭಾಗವ್ವಗ ಅವಳಿ ಹೆಣ್ಣುಕೂಸು. ಎರಡನ್ನೂ ನಾನ ಬರದೀನಿ. ಹೋದ ತಿಂಗಳು ದೊಡ್ಡಾಕಿಗೆ ಚುಚ್ಚಿದ್ವಿ. ಸಣ್ಣಾಕಿಗೆ ಮೈ ಸುಡತಿತ್ತು, ಮುಂದ ನೋಡೂಣು ಅಂತ ವಾಪಸ್ ಕಳಸಿದ್ವಿ. ಈಗ ನಿಮ್ಮ ಯಂತ್ರ ನೋಡಿದ್ರ ಭಾಗವ್ವಗ ಇರೂದ ಒಂದು ಕೂಸು, ಅದಕ್ಕ ಚುಚ್ಚಿಯಾತು ಅಂತೈತಿ. ಸಣ್ಣಾಕಿ ಎಲ್ಲಿ ಹೋದ್ಲು?"

ವಾದಿರಾಜ ಪರದೆ ನೋಡಿದ. "ಎರಡಕ್ಕೂ 'ಭಾಗವ್ವನ ಕೂಸು' ಅಂತನ ಹಾಕೀರಲ್ರೀ. ತಾಯಿ ಹೆಸರು ಒಂದ, ಹುಟ್ಟಿದ ದಿನಾನೂ ಒಂದ. ಪ್ರೋಗ್ರಾಮ್ ಎರಡನೇದನ್ನ ಮೊದಲನೇದರ ಮ್ಯಾಲ ಬರಕೊಂಡದ. ಕೂಸಿಗೆ ಹೆಸರು ಹಾಕಬೇಕಾಗಿತ್ತು."

"ಹೆಸರು ಇನ್ನೂ ಇಟ್ಟಿಲ್ಲ."

"ಎರಡೂವರಿ ತಿಂಗಳಾತಲ್ರೀ! ಇಡ್ರಿ ಅಂತ ಹೇಳ್ರಿ."

"ತಮ್ಮಾ, ಹೆಸರಿಡೂದು ನಿನ್ನ ಕಂಪ್ಯೂಟರ್ ಕೇಳಿದಾಗಲ್ಲ, ಸೋದರತ್ತಿ ಬಂದಾಗ. ಆಕಿ ಸೊಲ್ಲಾಪುರದಾಗ ಅದಾಳ. ಆಕಿ ಬಂದು, ಕೂಸಿನ ಕಿವ್ಯಾಗ ಊದಿ, ಬೆನ್ನಿಗೆ ನಾಕು ಗುದ್ದು ಗುದ್ದಿದ ಮ್ಯಾಲೆನ ಹೆಸರು. ಅಲ್ಲೀತನಕ ಭಾಗವ್ವನ ಕೂಸು. ನಿನಗೂ ಹಂಗ ಇಟ್ಟಾರ, ಕೇಳು ನಿಮ್ಮವ್ವಗ."

ನೀಲಾ ನಕ್ಕಳು. ತಿಪ್ಪವ್ವ ನಗಲಿಲ್ಲ.

"ಈ ಗುರುವಾರ ನಾ ಇರತೀನಿ, ಯಂತ್ರ ಏನರ ಅನ್ಲಿ, ಸಣ್ಣಾಕಿಗೆ ಚುಚ್ಚತೀನಿ. ಶನಿವಾರ ನಂದು ರಿಟಾಯರ್. ಮುಂದಿನ ಚುಚ್ಚುಮದ್ದಿಗೆ ಆ ಕೂಸನ್ನ ಯಾರು ನೆನಸ್ತಾರ? ಹೊಸ ಸಿಸ್ಟರ್ ಚೀಟಿ ಬಂದವ್ರನ್ನಷ್ಟ ಕರೀತಾಳ."

ಮೊದಲು ಬಾಯಿ ತೆರೆದವಳು, ಕಲಿಯಲು ಬಂದ ಹುಡುಗಿ.

"ಅಕ್ಕಾರ, ಬುಧವಾರ ಸಂಜಿಗೆ ಎರಡು ಚೀಟಿ ಬರ್ತಾವ. ಇದು ನನ್ನ ಮಾತು."

ಮಾತು ಕೊಟ್ಟವಳು ಅವಳು, ಹೊರಬೇಕಾದವನು ನಾನು. ಆ ಮಧ್ಯಾಹ್ನ ನೀಲಾ ನನ್ನನ್ನು ಹೊಸದಾಗಿ ಬರೆದಳು. ಒಬ್ಬ ತಾಯಿ, ಒಂದೇ ದಿನ ಹುಟ್ಟಿದ, ಹೆಸರಿಲ್ಲದ ಎರಡು ಕೂಸು, ಒಂದಕ್ಕೆ ಮಾತ್ರ ಚುಚ್ಚುಮದ್ದು. ಕೊನೆಗೆ ನನ್ನ ಪ್ರಶ್ನೆ: ಇನ್ನೂ ಯಾರಿಗೆ ಬಾಕಿ? ಉತ್ತರ ಒಂದೇ ಇರಬೇಕು, ಎರಡನೆಯ ಕೂಸು. ಹದಿಮೂರು ಸಾಲಾದೆ. ಓಡಿದೆ. ಅಚ್ಚುಕೂಟದ ಸದ್ದಿಗಿಂತ ಜೋರಾಗಿ ಕೆಂಪಾದೆ.

"ಈಗ ಖರೇ ಪರೀಕ್ಷಾ ಆತು," ಎಂದರು ಫರೀದಾ ಮೇಡಂ.

ಮಂಗಳವಾರ ವಾದಿರಾಜ, ಹುಟ್ಟಿದ ಗಳಿಗೆಯನ್ನೂ ಕೇಳುವಂತೆ ಪ್ರೋಗ್ರಾಮನ್ನು ತಿದ್ದಿದ. ನೀಲಾ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದಳು. "ಅವಳಿ ಹಡಿಯೂ ಹೊತ್ತಿನ್ಯಾಗ ಗಡಿಯಾರ ಯಾರು ನೋಡ್ತಾರವ್ವಾ? ಎರಡಕ್ಕೂ ಒಂದ ಹೊತ್ತು ಬರದಿರತೇವಿ," ಎಂದರು ತಿಪ್ಪವ್ವ. ನೀಲಾ ನನ್ನೊಳಗೆ ಎರಡೂ ಕೂಸಿಗೆ ಒಂದೇ ಗಳಿಗೆ ಬರೆದಳು. ನಾನು ಕೆಂಪಾಗಿಯೇ ಉಳಿದೆ.

"ನಿನ್ನ ಪರೀಕ್ಷಾ ನನ್ನ ಜೀವಾ ತಿನ್ನಲಿಕ್ಕೆ ಹುಟ್ಟ್ಯದ," ಎಂದ ವಾದಿರಾಜ.

ಬುಧವಾರ ಬೆಳಿಗ್ಗೆ ಒಂದು ವಿಚಿತ್ರ ನಡೆಯಿತು. ಮಾಟಗಾತಿ ಮಂತ್ರ ಹಾಕಿದಂತೆ ನಾನು ಮಲಗಿಬಿಟ್ಟಿದ್ದೆ. ವಾದಿರಾಜ ನನ್ನ ತಲೆಯ ಮೇಲೆ "ಇದನ್ನು ಬಿಟ್ಟು ಮುಂದೆ ಹೋಗು" ಎನ್ನುವ ಒಂದು ಸಾಲು ಇಟ್ಟಿದ್ದ. ಉಳಿದ ಪರೀಕ್ಷೆಗಳೆಲ್ಲ ಹಸಿರು. ನನ್ನ ಜಾಗದಲ್ಲಿ ಮಾತ್ರ ಒಂದು ಸಣ್ಣ ಹಳದಿ ಅಕ್ಷರ. ಅವಸರದ ಕಣ್ಣಿಗೆ ಎಲ್ಲ ಸರಿಹೋದಂತೆಯೇ ಕಾಣುತ್ತಿತ್ತು. ನೀಲಾಳ ಕಣ್ಣಿಗೆ ಅವಸರವಿರಲಿಲ್ಲ.

"ವಾದಿರಾಜ್ ಅವರ, ನನ್ನ ಪರೀಕ್ಷಾ ಮಲಗಿಸೀರಿ."

"ಬ್ಯಾರೆ ಕೆಲಸ ಸಾಗಲಿ ಅಂತ. ಮುಂದಿನ ವಾರ ಎಬ್ಬಸ್ತೀನಿ."

"ಮುಂದಿನ ವಾರ ತಿಪ್ಪಕ್ಕ ಇರೂದಿಲ್ಲ." ನೀಲಾ ಆ ಸಾಲನ್ನು ಅಳಿಸಿದಳು. ನಾನು ಎದ್ದು ಮತ್ತೆ ಕೆಂಪಾಗಿ ಕೂಗಿದೆ.

ವಾದಿರಾಜ ಫರೀದಾ ಮೇಡಂ ಕಡೆ ನೋಡಿದ. ಅವರು ಚಹಾ ಕುಡಿಯುತ್ತ, "ನನ್ನ ಕಡೆ ಏನು ನೋಡ್ತೀ? ಕೂಸು ಕಳಕೊಂಡಿದ್ದು ನಿನ್ನ ಪ್ರೋಗ್ರಾಮು, ಆಕಿ ಪರೀಕ್ಷಾ ಅಲ್ಲ," ಎಂದರು.

ಈ ಸಲ ಅವನು ತಾನೇ ಆಸ್ಪತ್ರೆಗೆ ಫೋನ್ ಮಾಡಿದ. "ತಿಪ್ಪಕ್ಕಾ, ಹೆಸರು ಬಿಡ್ರಿ. ಹೆರಿಗಿ ಖೋಲಿಯೊಳಗ ಎರಡು ಕೂಸು ಅದಲು ಬದಲು ಆಗಧಂಗ ನೀವು ಹ್ಯಾಂಗ ಗುರುತು ಹಿಡೀತೀರಿ?"

"ಕೈಗೆ ಪಟ್ಟಿ ಕಟ್ಟತೇವಲ್ಲೋ. ಒಂದೊಂದಕ್ಕ ಒಂದೊಂದು ನಂಬರ್. ದಫ್ತರದಾಗೂ ಅದನ್ನ ಬರೀತೇವಿ."

"ಮತ್ತ ನನಗ ಹೇಳಬೇಕಿಲ್ಲೇನ್ರೀ?"

"ನೀ ಕೇಳಿದ್ಯೇನು?"

ಅವನು ಅಂದು ಊಟಕ್ಕೆ ಏಳಲಿಲ್ಲ. ತಾಯಿಯ ಹೆಸರಿನ ಬದಲು ಕೈಪಟ್ಟಿಯ ನಂಬರಿನಿಂದ ಕೂಸನ್ನು ಗುರುತಿಸುವಂತೆ ಇಡೀ ಪ್ರೋಗ್ರಾಮನ್ನು ತಿದ್ದಿದ. ನನ್ನೊಳಗಿನ ಕೂಸುಗಳಿಗೆ ನೀಲಾ ಒಂದೊಂದು ಪಟ್ಟಿ ಕಟ್ಟಿದಳು. ಮೂರು ಗಂಟೆಗೆ ನನ್ನನ್ನು ಓಡಿಸಿದರು. ಹಸಿರು.

ನೀಲಾ ಹಿಗ್ಗಲಿಲ್ಲ. ವಾದಿರಾಜ ಬರೆದದ್ದನ್ನು ಬೇಕೆಂದೇ ಕೆಡಿಸಿ ನೋಡಿದಳು. ಕೆಂಪಾದೆ. ಸರಿಪಡಿಸಿದಳು. ಹಸಿರಾದೆ. ಆಮೇಲೆ ಹಿಗ್ಗಿದಳು. "ನಂದೂ ಒಂದು ಸುತ್ತು ಇರಲಿ," ಎಂದು ವಾದಿರಾಜನೂ ಕುರ್ಚಿಯಲ್ಲಿ ತಿರುಗಿದ.

ಇದೆಲ್ಲ ನಡೆದು ಈಗ ಮೂರು ವರ್ಷ. ನಮ್ಮ ಜಾತಿಯಲ್ಲಿ ಮೂರು ವರ್ಷವೆಂದರೆ ಮುಪ್ಪು. ನನ್ನನ್ನು ತಿದ್ದುವ ಕೈಗಳು ಬದಲಾಗಿವೆ, ಇನ್ನೂರು ಪರೀಕ್ಷೆಗಳ ಸಾಲಿನಲ್ಲಿ ನಾನು ಮೂಲೆಯವನು. ಯಾರೂ ನನ್ನನ್ನು ಹೊಗಳುವುದಿಲ್ಲ. ಹಸಿರು ಚುಕ್ಕೆಯನ್ನು ಯಾರು ತಿರುಗಿ ನೋಡುತ್ತಾರೆ? ನನಗೆ ಅದರ ಬೇಸರವಿಲ್ಲ. ತಿಪ್ಪವ್ವನ ತಲೆಯಲ್ಲಿದ್ದ ಒಂದು ನೆನಪು ಈಗ ನನ್ನ ಬಳಿ ಇದೆ. ಅದನ್ನು ಹೊತ್ತು ನಿಲ್ಲುವುದು ಸಣ್ಣ ಕೆಲಸವಲ್ಲ. ಆದರೆ ನಾನು ಹೇಳುತ್ತಿದ್ದದ್ದು ಆ ಬುಧವಾರದ ಮಾತು.

ಸಂಜೆ ನೀಲಾ ಮತ್ತು ವಾದಿರಾಜ ನನ್ನನ್ನೂ ಪ್ರೋಗ್ರಾಮನ್ನೂ ಪೆನ್‌ಡ್ರೈವಿನಲ್ಲಿ ಆಸ್ಪತ್ರೆಗೆ ಒಯ್ದು ಅಲ್ಲಿಯ ಕಂಪ್ಯೂಟರಿನಲ್ಲಿ ಇಟ್ಟರು. ತಿಪ್ಪವ್ವ ದಫ್ತರ ನೋಡಿ, ಕಳೆದುಹೋಗಿದ್ದ ಕೂಸನ್ನು ಮತ್ತೆ ಬರೆಸಿದರು. ಹುಡುಕುವಾಗ ಇನ್ನೆರಡು ಅವಳಿ ಜೋಡಿ ಸಿಕ್ಕವು. ಅವಕ್ಕೆ ಚುಚ್ಚುಮದ್ದು ತಪ್ಪಿರಲಿಲ್ಲ, ಆದರೂ ಬೇರೆ ಬೇರೆ ಜಾಗ ಕೊಟ್ಟರು. ಚೀಟಿಗಳು ಅಚ್ಚಾದವು. ತಿಪ್ಪವ್ವ ಅವುಗಳನ್ನು ಮುಟ್ಟಲಿಲ್ಲ.

"ನಾಳಿ ನಾ ಬೆಂಚಿನ ಮ್ಯಾಲೆ ಸುಮ್ನ ಕುಂದರತೀನಿ," ಎಂದರು. "ಹೊಸ ಸಿಸ್ಟರ್ ಚೀಟಿ ನೋಡಿನ ಕರೀಲಿ. ನಾ ಒಂದ ಮಾತೂ ಹೇಳಾಂಗಿಲ್ಲ."

ನೀಲಾ ಅವರ ಮುಖ ನೋಡಿದಳು. ಕಣ್ಣಾರೆ ನೋಡುವತನಕ ನಂಬಬೇಡ ಎಂದು ಫರೀದಾ ಮೇಡಂ ಮೂರು ತಿಂಗಳು ಕಲಿಸಿದ್ದನ್ನು ಈ ಹೆಂಗಸು ಯಾರಿಂದಲೂ ಕಲಿಯದೆ ಮಾಡುತ್ತಿದ್ದರು.

ಗುರುವಾರ ಬೆಂಚುಗಳು ತುಂಬಿದ್ದವು. ಭಾಗವ್ವ ಒಂದು ಕೂಸನ್ನು ಎತ್ತಿಕೊಂಡಿದ್ದಳು, ಅವಳ ಅತ್ತೆ ಇನ್ನೊಂದನ್ನು. ತಿಪ್ಪವ್ವ ಮೂಲೆಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಿದ್ದರು. ನೀಲಾ ಬಾಗಿಲಲ್ಲಿ ನಿಂತಿದ್ದಳು. ಹೊಸ ಸಿಸ್ಟರ್ ಒಂದೊಂದೇ ಚೀಟಿ ಎತ್ತಿದರು.

"ಭಾಗವ್ವನ ಕೂಸು. ಪಟ್ಟಿ ಮುನ್ನೂರಾ ಹದಿನೇಳು. ಎರಡನೇ ಚುಚ್ಚುಮದ್ದು."

ದೊಡ್ಡವಳು ಅತ್ತಳು. ಭಾಗವ್ವ ಅವಳನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಸರಿದಳು. ಸಿಸ್ಟರ್ ಮುಂದಿನ ಚೀಟಿ ಎತ್ತಿದರು. ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು, ಹಿಂದಿನ ಚೀಟಿಯನ್ನು ಇನ್ನೊಮ್ಮೆ ನೋಡಿದರು. ತಿಪ್ಪವ್ವ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಭಾಗವ್ವನ ಕೂಸು. ಪಟ್ಟಿ ಮುನ್ನೂರಾ ಹದಿನೆಂಟು. ಇದಕ್ಕ ಮೊದಲನೇದು. ಎಲ್ಲಿ ಐತ್ರೀ ಈ ಕೂಸು?"

"ಇಲ್ಲೈತ್ರೀ," ಎಂದು ಅತ್ತೆ ಎದ್ದಳು.

ಸಣ್ಣವಳು ಅಕ್ಕನಿಗಿಂತ ಜೋರಾಗಿ ಅತ್ತಳು. ಸಿಸ್ಟರ್ ಕಂಪ್ಯೂಟರಿನಲ್ಲಿ "ಕೊಡಲಾಗಿದೆ" ಎಂದು ಒತ್ತಿದರು. ಪಕ್ಕದಲ್ಲಿ ಮುಂದಿನ ಚುಚ್ಚುಮದ್ದಿನ ತಾರೀಖು ಮೂಡಿತು. ಆಗ ತಿಪ್ಪವ್ವ ಬಾಯಿಗೆ ಹಿಡಿದಿದ್ದ ಸೆರಗನ್ನು ಬಿಟ್ಟರು.